ಹಿಪ್ ಆಪರೇಷನ್ ಆದಮೇಲೆ ವ್ಯಾಯಾಮದಲ್ಲಿ ತೊಡೆಸಂದು ನೋವು: ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಬಿಡಬಾರದು

ನೀವು ಗುಂಪಿನಲ್ಲಿ ಕೇಳಿದ ಪ್ರಶ್ನೆ ಮೇಲೆಲ್ಲೋ ಹೋಗಿಬಿಟ್ಟಿದೆ, ಹಾಗಾಗಿ ಚಿಕ್ಕದಾಗಿ ಬರೆದುಕೊಂಡೇ ಉತ್ತರಿಸುತ್ತೇನೆ. ನಿಮ್ಮ ತಂದೆಯವರಿಗೆ 61 ವರ್ಷ, ಅಡಿಕೆ ತೋಟದ ಕೆಲಸ ಮಾಡಿಕೊಂಡಿದ್ದವರು. ಬಲಗಡೆಯ ಹಿಪ್, ಅಂದರೆ ಸೊಂಟದ ಕೀಲನ್ನು ಪೂರ್ತಿ ಬದಲಿಸಿ ಏಳು ವಾರ ಆಗಿದೆ, ಹೊಲಿಗೆ ಹಿಂಬದಿಗಿದೆ. ಆರನೇ ವಾರದ ಎಕ್ಸ್‌ರೇ ಸರಿಯಿದೆ ಅಂದಿದ್ದಾರೆ. ಕೋಲು ಹಿಡಿದು ನಡೆಯುವಾಗ ಅಷ್ಟೇನೂ ತೊಂದರೆ ಇಲ್ಲ. ಆದರೆ ಮಲಗಿ ಕಾಲನ್ನು ನೆಟ್ಟಗೆ ಮೇಲೆತ್ತುವ ವ್ಯಾಯಾಮ ಮಾಡಿದರೆ, ಕಾರು ಹತ್ತುವಾಗ ಕಾಲು ಎತ್ತಿದರೆ ತೊಡೆಸಂದಿನಲ್ಲಿ ಚಳಕ್ ಅಂತ ಹಿಡಿಯುತ್ತದೆ. ವ್ಯಾಯಾಮ ಪೂರ್ತಿ ಬಿಡಿಸಲಾ, ನೋವು ತಡೆದುಕೊಂಡು ಮಾಡಿಸಲಾ, ಮತ್ತೆ ತೋಟಕ್ಕೆ ಯಾವಾಗ ಬಿಡಬಹುದು ಅಂತ ನಿಮ್ಮ ಪ್ರಶ್ನೆ.

ಪೂರ್ತಿ ಬಿಡಿಸುವುದೂ ಬೇಡ, ಹಲ್ಲು ಕಚ್ಚಿ ಮಾಡಿಸುವುದೂ ಬೇಡ. ನೋವು ಕೊಡುವ ಆ ಒಂದು ಚಲನೆಯನ್ನು ಮಾತ್ರ ತೆಗೆದುಹಾಕಿ, ಉಳಿದದ್ದನ್ನು ದಿನ ತಪ್ಪಿಸದೆ ಮಾಡಿಸಿ.

ನೋವು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾದರೆ ಮಿಕ್ಕಿದ್ದು ಸುಲಭ. ಸೊಂಟದ ಬೆನ್ನುಮೂಳೆಯಿಂದ ಹೊರಟು, ಕೀಲಿನ ಮುಂದೆ ಹಾದು, ತೊಡೆಮೂಳೆಯ ಒಳಬದಿಗೆ ಅಂಟುವ ಒಂದು ದಪ್ಪ ಸ್ನಾಯು ಇದೆ, ಇಲಿಯೋಸೋಯಾಸ್ ಅಂತ. ತೊಡೆಯನ್ನು ಮೇಲೆತ್ತುವ ಮುಖ್ಯ ಸ್ನಾಯು ಅದೇ. ಅದರ ನಾರು (ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ತುದಿ) ಹೊಸ ಬಟ್ಟಲಿನ, ಅಂದರೆ ಕೃತಕ ಕೀಲಿನ ಗುಂಡು ಕೂರುವ ಭಾಗದ, ಅಂಚಿನ ಮುಂದೆಯೇ, ಬಾವಿಯ ರಾಟೆಯ ಮೇಲೆ ಹಗ್ಗ ಹೋದಂತೆ ದಿಕ್ಕು ಬದಲಿಸಿ ಇಳಿಯುತ್ತದೆ. ಕೀಲು ಸವೆದು ವರ್ಷಗಟ್ಟಲೆ ಕುಂಟಿದವರಲ್ಲಿ ಈ ಸ್ನಾಯು ಗಿಡ್ಡವಾಗಿ ಬಿಗಿದಿರುತ್ತದೆ. ಆಪರೇಷನ್‌ನಲ್ಲಿ ಕಾಲಿನ ಉದ್ದ ಸರಿಪಡಿಸಿದಾಗ ಅದು ಒಮ್ಮೆಲೇ ಎಳೆದುಕೊಳ್ಳುತ್ತದೆ. ಹಿಂಬದಿಯಿಂದ ಮಾಡುವ ಆಪರೇಷನ್‌ನಲ್ಲಿ ಈ ಸ್ನಾಯುವನ್ನು ಸಾಮಾನ್ಯವಾಗಿ ಕೊಯ್ಯುವುದಿಲ್ಲ, ಆದರೂ ಕೆಲವು ವಾರ ಕೆರಳಿಯೇ ಇರುತ್ತದೆ.

ಈಗ ನೆಟ್ಟಗೆ ಕಾಲೆತ್ತುವ ವ್ಯಾಯಾಮದ ಲೆಕ್ಕ ನೋಡಿ. ಒಂದು ಕಾಲಿನ ತೂಕ ದೇಹದ ತೂಕದ ಸುಮಾರು ಆರನೇ ಒಂದು ಭಾಗ. 65 ಕಿಲೋ ಇರುವವರಿಗೆ 10-11 ಕಿಲೋ. ಮಂಡಿ ಮಡಿಸದೆ ಎತ್ತಿದರೆ ಅಷ್ಟೂ ಭಾರ ಕೀಲಿನಿಂದ ದೂರಕ್ಕೆ ಚಾಚಿಕೊಂಡಿರುತ್ತದೆ. ಸ್ನಾಯು ಹಿಡಿದಿರುವುದು ಕೀಲಿನ ಪಕ್ಕದಲ್ಲೇ, ಹಾಗಾಗಿ ಅದು ಕಾಲಿನ ಭಾರದ ಹಲವು ಪಟ್ಟು ಬಲದಿಂದ ಎಳೆಯಬೇಕಾಗುತ್ತದೆ. ಕೆರಳಿದ ನಾರಿಗೆ ಇದನ್ನು ದಿನಕ್ಕೆ 20ರ ಮೂರು ಸುತ್ತು ಮಾಡಿಸಿದರೆ ಅದು ಆರುವುದು ಹೇಗೆ? ಆಸ್ಪತ್ರೆಯ ಹಾಳೆಯಲ್ಲಿ ಇದೆ ಎಂಬ ಕಾರಣಕ್ಕೆ ಎಷ್ಟೋ ಜನ ನೋವಿನಲ್ಲೇ ಎತ್ತುತ್ತಾರೆ. ಚೆನ್ನಾಗಿ ನಡೆಯಲು ಈ ವ್ಯಾಯಾಮ ಬೇಕೇಬೇಕು ಎಂದೇನಿಲ್ಲ.

ಆದರೆ ತೊಡೆಸಂದಿನ ನೋವೆಲ್ಲ ಸ್ನಾಯುವಿನದೇ ಅಂದುಕೊಳ್ಳಬೇಡಿ, ಮೊದಲು ಇದನ್ನು ನೋಡಿಕೊಳ್ಳಿ. ಸುಮ್ಮನೆ ಮಲಗಿದಾಗಲೂ ರಾತ್ರಿ ನೋವಿದೆಯೇ? ಜ್ವರ, ಗಾಯದಿಂದ ನೀರು ಅಥವಾ ಕೀವು, ಸುತ್ತ ಕೆಂಪು ಇದೆಯೇ? ಕೂತು ಎದ್ದ ಮೊದಲ ನಾಲ್ಕು ಹೆಜ್ಜೆಗೆ ತೀವ್ರ ನೋವಾಗಿ ಆಮೇಲೆ ಕಡಿಮೆಯಾಗುತ್ತದೆಯೇ? ಕಾಲು ಊರಿ ಭಾರ ಬಿಟ್ಟಾಗಲೇ ನೋವೇ? ನಿನ್ನೆವರೆಗೆ ಇಲ್ಲದ್ದು ಬಿದ್ದಮೇಲೆ ಅಥವಾ ಜಾರಿದಮೇಲೆ ಶುರುವಾಯಿತೇ? ಇದರಲ್ಲಿ ಒಂದಕ್ಕೆ ಹೌದು ಅಂದರೂ ವ್ಯಾಯಾಮ ಬದಲಿಸಿ ನೋಡುವ ಮಾತಿಲ್ಲ. ಸೋಂಕು, ಬಟ್ಟಲು ಸಡಿಲವಾಗುವುದು, ಸಣ್ಣ ಬಿರುಕು ಹೀಗೆಯೇ ತೋರಿಸಿಕೊಳ್ಳುತ್ತವೆ. ಆಪರೇಷನ್ ಮಾಡಿದ ಡಾಕ್ಟರಿಗೇ ಫೋನ್ ಮಾಡಿ. ಗಾಯ ಒಸರುತ್ತಿದ್ದರೆ ಊರಿನ ಮೆಡಿಕಲ್ ಶಾಪಿನಿಂದ ಆಂಟಿಬಯೋಟಿಕ್ ತಂದು ಕೊಡಬೇಡಿ. ಕೀಲಿನಿಂದ ನೀರು ತೆಗೆದು ಪರೀಕ್ಷೆ ಮಾಡುವ ಮೊದಲೇ ಮಾತ್ರೆ ಬಿದ್ದರೆ ರೋಗಾಣು ಪತ್ತೆಯಾಗದೆ ಹೋಗಬಹುದು. ಮೀನಖಂಡ ಅಥವಾ ಇಡೀ ಕಾಲು ಊದಿಕೊಂಡರೆ ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ತೋರಿಸಿ. ಉಸಿರು ಕಟ್ಟಿದರೆ, ಎದೆ ನೋವಿದ್ದರೆ ನೇರ ಎಮರ್ಜೆನ್ಸಿ. ಕೆಮ್ಮಿದಾಗ ಸಂದಿನಲ್ಲಿ ಗಂಟು ಉಬ್ಬಿದರೆ ಹರ್ನಿಯಾ ಇರಬಹುದು, ಇದನ್ನು ಬಹಳ ಜನ ಕೈ ಇಟ್ಟು ನೋಡುವುದೇ ಇಲ್ಲ.

ಇವು ಯಾವುದೂ ಇಲ್ಲದಿದ್ದರೆ ಒಂದು ಸುಲಭ ಪರೀಕ್ಷೆ. ಎತ್ತರದ ಕುರ್ಚಿಯಲ್ಲಿ ಬೆನ್ನು ಒರಗಿಸಿ ಕೂರಿಸಿ, ಬಲ ಪಾದವನ್ನು ನೆಲದಿಂದ ಎರಡು ಬೆರಳಷ್ಟೇ ಎತ್ತಲು ಹೇಳಿ. ನಂತರ ಅದೇ ತೊಡೆಯ ಕೆಳಗೆ ನೀವು ಕೈಕೊಟ್ಟು ಅಷ್ಟೇ ಎತ್ತಿ, ಅವರು ಬಿಗಿ ಹಿಡಿಯಬಾರದು. ತಾವೇ ಎತ್ತಿದಾಗ ನೋವು, ನೀವು ಎತ್ತಿದಾಗ ಇಲ್ಲ ಎಂದರೆ ಬಹುಮಟ್ಟಿಗೆ ಈ ಸ್ನಾಯುವೇ. ಮಂಡಿಗಳ ನಡುವೆ ದಿಂಬಿಟ್ಟು ಒತ್ತಿದಾಗ ನೋವು ಬಂದರೆ ತೊಡೆಯ ಒಳಬದಿಯ ಸ್ನಾಯು. ಯಾರೇ ಎತ್ತಿದರೂ ಒಂದೇ ನೋವು ಅಂದರೆ ಫಿಸಿಯೋಗೆ ತೋರಿಸದೆ ಮುಂದುವರಿಯಬೇಡಿ.

ಸ್ನಾಯು ಎಂದೇ ಕಂಡರೆ ಮುಂದಿನ ಎರಡು ವಾರ ಹೀಗೆ ಮಾಡಿ, ಫಿಸಿಯೋಗೂ ಒಂದು ಮಾತು ತಿಳಿಸಿ. ನೆಟ್ಟಗೆ ಕಾಲೆತ್ತುವುದು, ಕೂತು ಮಂಡಿ ಮೇಲೆತ್ತುವುದು, ಗಾಳಿಯಲ್ಲಿ ಸೈಕಲ್ ತುಳಿಯುವುದು, ಮೂರೂ ಬಂದ್. ಪಾದ ಮೇಲೆ ಕೆಳಗೆ ಆಡಿಸುವುದು ಮುಂದುವರಿಯಲಿ. ಮಂಡಿ ಕೆಳಗೆ ಟವೆಲ್ ಸುರುಳಿ ಇಟ್ಟು ಹಾಸಿಗೆಗೆ ಒತ್ತಿ 5 ಸೆಕೆಂಡ್ ಹಿಡಿಯುವುದು, 10 ಸಲ. ಪೃಷ್ಠ ಬಿಗಿದು 5 ಸೆಕೆಂಡ್, 10 ಸಲ. ಎರಡನ್ನೂ ಬೆಳಗ್ಗೆ ಸಂಜೆ ಮಾಡಿಸಿ.

ಹಿಮ್ಮಡಿ ಜಾರಿಸಿ ಮಂಡಿ ಮಡಿಸುವ ವ್ಯಾಯಾಮ ಬಿಡಬೇಡಿ, ಮಾಡುವ ರೀತಿ ಬದಲಿಸಿ. ಹತ್ತಿಯ ಹಾಸಿನ ಮೇಲೆ ಹಿಮ್ಮಡಿ ಸಿಕ್ಕಿಹಾಕಿಕೊಳ್ಳುತ್ತದೆ, ಆಗ ಅರಿವಿಲ್ಲದೆ ಕಾಲನ್ನು ಎತ್ತಿಬಿಡುತ್ತಾರೆ, ಅಲ್ಲೇ ಚಳಕ್ ಅನ್ನುವುದು. ಕಾಲಿಗೆ ಕಾಲುಚೀಲ ಹಾಕಿ, ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ಉದ್ದ ಟವೆಲನ್ನು ತೊಡೆಯ ಕೆಳಗಿಂದ ಹಾಯಿಸಿ ಎರಡು ತುದಿ ಕೈಯಲ್ಲಿ ಕೊಡಿ. ತಲೆ ದಿಂಬಿನ ಮೇಲೇ ಇರಲಿ, ಅರ್ಧ ಕೆಲಸ ಕೈ ಮಾಡಲಿ. ಹಿಮ್ಮಡಿ ಒಮ್ಮೆಯೂ ಹಾಳೆ ಬಿಡಬಾರದು. ಸೊಂಟ 90 ಡಿಗ್ರಿಗಿಂತ ಕಡಿಮೆ ಮಡಚಲಿ. 8-10 ಸಲ ಸಾಕು.

ನಿಜವಾಗಿ ಬಲ ಬರಬೇಕಾದದ್ದು ಸೊಂಟದ ಪಕ್ಕದ ಸ್ನಾಯುವಿಗೆ. ಅದು ಸೋತರೆ ಪ್ರತಿ ಹೆಜ್ಜೆಗೂ ದೇಹ ವಾಲುತ್ತದೆ, ಮುಂದಿನ ಸ್ನಾಯು ಇದರ ಕೆಲಸವನ್ನೂ ಹೊತ್ತುಕೊಂಡು ಇನ್ನಷ್ಟು ಕೆರಳುತ್ತದೆ. ಅಡುಗೆಮನೆಯ ಕಟ್ಟೆ ಹಿಡಿದು ನೆಟ್ಟಗೆ ನಿಂತು, ಬಲಗಾಲನ್ನು ಪಕ್ಕಕ್ಕೆ ಒಂದು ಗೇಣಿಗಿಂತ ಹೆಚ್ಚಿಲ್ಲದಂತೆ ಸರಿಸಿ 3 ಸೆಕೆಂಡ್ ಹಿಡಿಯಲಿ, 8 ಸಲ. ಪಾದದ ಬೆರಳು ಮುಂದಕ್ಕೇ ನೋಡುತ್ತಿರಬೇಕು. ಬೆರಳು ಹೊರಕ್ಕೆ ತಿರುಗಿತೋ, ಕೆಲಸ ಪಕ್ಕದ ಸ್ನಾಯುವಿನಿಂದ ತಪ್ಪಿ ಮತ್ತೆ ತೊಡೆಸಂದಿನ ಸ್ನಾಯುವಿಗೆ ಹೋಗುತ್ತದೆ. ಹಿಂದಿನಿಂದ ನಿಂತು ನೋಡಿ, ಭುಜ ಎಡಕ್ಕೆ ವಾಲಿದರೆ ಎತ್ತರ ಕಡಿಮೆ ಮಾಡಿ. ಇದು ನೋವಿಲ್ಲದೆ ಆದಮೇಲೆ ಮಲಗಿ ಎರಡೂ ಮಂಡಿ ಮಡಿಸಿ ಸೊಂಟ ಎತ್ತುವ ಬ್ರಿಜ್, ಸರ್ಜನ್ ಒಪ್ಪಿದರೆ, 5ರಿಂದ ಶುರು.

ಬಿಗಿತ ಬಿಡಿಸಲು ದಿನಕ್ಕೆರಡು ಸಲ 15 ನಿಮಿಷ, ಮಂಡಿ ಕೆಳಗೆ ಏನೂ ಇಡದೆ ಸಪಾಟಾಗಿ ಮಲಗಿಸಿ. ಎಡ ಮಂಡಿ ಮಡಿಸಿಕೊಂಡು, ಬಲಗಾಲು ಚಾಚಿ, ಬಲ ಪೃಷ್ಠ ಬಿಗಿದರೆ ತೊಡೆಯ ಮುಂಭಾಗ ಹದವಾಗಿ ಎಳೆಯುತ್ತದೆ. ಮಂಡಿ ಕೆಳಗೆ ರಾತ್ರಿಯಿಡೀ ದಿಂಬು ಇಡುವ ಅಭ್ಯಾಸ ಇದ್ದರೆ ಇಂದೇ ಬಿಡಿಸಿ. ಆ ಕ್ಷಣಕ್ಕೆ ಹಾಯೆನಿಸುತ್ತದೆ, ಆದರೆ ಸ್ನಾಯು ಗಿಡ್ಡವಾಗಿಯೇ ಕೂರುತ್ತದೆ. ಪಕ್ಕಕ್ಕೆ ಮಲಗುವಾಗ ಎರಡು ಮಂಡಿಗಳ ನಡುವೆ ಇಡುವ ದಿಂಬು ಬೇರೆ, ಅದು ಇರಲಿ. ಒಂದು ಎಚ್ಚರಿಕೆ: ಮುಂಬದಿಯಿಂದ ಆಪರೇಷನ್ ಆದವರು ಸರ್ಜನ್ ಹೇಳದೆ ಕಾಲನ್ನು ಹಿಂದಕ್ಕೆ ಎಳೆಯುವ ಯಾವ ಸ್ಟ್ರೆಚ್ಚನ್ನೂ ಮಾಡಬಾರದು. ಅವರ ನಿಯಮ ನಿಮ್ಮ ತಂದೆಯವರದ್ದಕ್ಕಿಂತ ಬೇರೆ.

ಎಷ್ಟು ನೋವು ಆಗಬಹುದು? ಸೊನ್ನೆಯಿಂದ ಹತ್ತರ ಅಳತೆಯಲ್ಲಿ 3ರವರೆಗೆ ಪರವಾಗಿಲ್ಲ, ಅದೂ ವ್ಯಾಯಾಮ ಮುಗಿದ ಒಂದು ಗಂಟೆಯೊಳಗೆ ಇಳಿಯಬೇಕು. ಮರುದಿನ ಬೆಳಗ್ಗೆ ಕಾಲು ಊರುವಾಗ ನಿನ್ನೆಗಿಂತ ಹೆಚ್ಚು ನೋವಿದ್ದರೆ ನಿನ್ನೆ ಮಾಡಿದ್ದು ಜಾಸ್ತಿಯಾಗಿದೆ, ಇವತ್ತು ಅರ್ಧಕ್ಕೆ ಇಳಿಸಿ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಬಹುದು. ಶುಗರ್ ಇದ್ದು ಚರ್ಮದ ಸ್ಪರ್ಶ ಕಡಿಮೆಯಿದ್ದರೆ ನಡುನಡುವೆ ತೆಗೆದು ನೋಡಿ. ಡಾಕ್ಟರ್ ಪ್ಯಾರಸಿಟಮಾಲ್ ಬರೆದಿದ್ದರೆ ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ಕೊಡಿ. ಡೈಕ್ಲೋಫಿನಾಕ್, ಅಸಿಕ್ಲೋಫಿನಾಕ್ ತರಹದ್ದನ್ನು ನೀವಾಗಿ ಕೊಡಬೇಡಿ. ರಕ್ತ ತೆಳುವಾಗುವ ಮಾತ್ರೆ ನಡೆಯುತ್ತಿದ್ದರೆ ರಕ್ತಸ್ರಾವದ ಭಯ ಇದೆ, ಕಿಡ್ನಿಗೂ ತೊಂದರೆ. ತೊಡೆಸಂದಿಗೆ ಎಣ್ಣೆ ಹಾಕಿ ಉಜ್ಜುವುದು, ನಾಟಿ ವೈದ್ಯರ ಹತ್ತಿರ ಕಾಲು ಎಳೆಸುವುದು ಖಂಡಿತ ಬೇಡ. ಎಳೆದು ತಿರುಗಿಸಿದರೆ ಕೀಲು ಜಾರಬಹುದು. ಕಟ್ ಅಂದು ಕಾಲು ಗಿಡ್ಡವಾಗಿ ಒಳಕ್ಕೆ ತಿರುಗಿ, ಊರಲು ಆಗದೇ ಹೋದರೆ ಕೀಲು ಜಾರಿದೆ ಅಂತಲೇ ತಿಳಿದು, ಹಾಗೇ ಮಲಗಿಸಿ ಆಂಬ್ಯುಲೆನ್ಸ್ ಕರೆಸಿ.

ವ್ಯಾಯಾಮ ದಿನಕ್ಕೆ ಅರ್ಧ ಗಂಟೆ, ಉಳಿದ ಹೊತ್ತಿನಲ್ಲೂ ಆ ಸ್ನಾಯುವಿಗೆ ಕೆಲಸ ಬೀಳುತ್ತದೆ. ಕಾರಿನ ಮುಂದಿನ ಎಡ ಸೀಟಿಗೆ ಹತ್ತುವಾಗ ಮೊದಲು ಒಳಗೆ ಬರುವುದು ಬಲಗಾಲೇ, ಅಂದರೆ ಆಪರೇಷನ್ ಕಾಲೇ. ಅದಕ್ಕೇ ನೋವು. ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಒರಗನ್ನು ಹಿಂದಕ್ಕೆ ಬಾಗಿಸಿ, ಮೇಲೆ ಪ್ಲಾಸ್ಟಿಕ್ ಕವರ್ ಹಾಸಿ. ಬೆನ್ನು ಒಳಗೆ ಮಾಡಿ ಕೂತು, ಹಿಂದಕ್ಕೆ ಒರಗಿ, ದೇಹ ಮತ್ತು ಕಾಲು ಒಟ್ಟಿಗೇ ತಿರುಗಲಿ. ಬಲಗಾಲನ್ನು ನೀವು ಹಿಮ್ಮಡಿ ಹಿಡಿದು ಎತ್ತಿ ಒಳಗಿಡಿ. ಮಂಚ ಹತ್ತುವಾಗಲೂ ಹೀಗೆಯೇ. ಪ್ಲಾಸ್ಟಿಕ್ ಕುರ್ಚಿ ಗಿಡ್ಡ ಆದರೆ ಎರಡನ್ನು ಒಂದರ ಮೇಲೊಂದು ಕೂಡಿಸಿ ಹಾಕಿ, ಮಂಡಿಗಿಂತ ಸೊಂಟ ಸ್ವಲ್ಪ ಮೇಲಿರಬೇಕು. ಅರ್ಧ ಗಂಟೆಗಿಂತ ಹೆಚ್ಚು ಒಂದೇ ಕಡೆ ಕೂರಿಸಬೇಡಿ. ನಡಿಗೆಯಲ್ಲಿ ಎಡಗಾಲನ್ನು ದೂರಕ್ಕೆ ಇಟ್ಟರೆ ಹಿಂದುಳಿದ ಬಲ ಸಂದು ಎಳೆದುಕೊಳ್ಳುತ್ತದೆ, ಹೆಜ್ಜೆ ಚಿಕ್ಕದಾಗಿ ಸಮನಾಗಿರಲಿ, ಕೋಲು ಎಡಗೈಯಲ್ಲಿರಲಿ. ಮೆಟ್ಟಿಲು ಹತ್ತುವಾಗ ಎಡಗಾಲು ಮೊದಲು, ಇಳಿಯುವಾಗ ಕೋಲು ಮತ್ತು ಬಲಗಾಲು ಮೊದಲು.

ಎರಡು ವಾರದಲ್ಲಿ ನೋವು ಇಳಿಮುಖವಾದರೆ ಆ ಸ್ನಾಯುವಿಗೆ ನಿಧಾನಕ್ಕೆ ಕೆಲಸ ಕೊಡಿ. ಕೂತು ಅಂಗೈಯನ್ನು ತೊಡೆಯ ಮೇಲಿಟ್ಟು, ತೊಡೆ ಅಲುಗದಂತೆ ಹಗುರವಾಗಿ ಕೈಗೆ ಒತ್ತಬೇಕು, 5 ಸೆಕೆಂಡ್, 5 ಸಲ. ವಾರದ ನಂತರ ನಿಂತು ಮಂಡಿಯನ್ನು ಅರ್ಧ ಎತ್ತರಕ್ಕೆ. ಆಮೇಲೆ 4 ಇಂಚಿನ ಹಲಗೆ ಹತ್ತಿ ಇಳಿಯುವುದು. ನೆಟ್ಟಗೆ ಕಾಲೆತ್ತುವುದು ಎಲ್ಲಕ್ಕಿಂತ ಕೊನೆಗೆ, ಇಲ್ಲವೇ ಬೇಡವೇ ಬೇಡ. ನಾಲ್ಕು ವಾರವಾದರೂ ಬದಲಾವಣೆ ಇಲ್ಲದಿದ್ದರೆ ಸರ್ಜನ್ ಹತ್ತಿರ ಹೋಗಿ, ಬಟ್ಟಲಿನ ಮುಂದಿನ ಅಂಚು ಅಥವಾ ಸ್ಕ್ರೂ ನಾರಿಗೆ ತಾಗುತ್ತಿದೆಯೇ ಎಂದು ನೇರವಾಗಿ ಕೇಳಿ. ಸಾಮಾನ್ಯ ಎಕ್ಸ್‌ರೇಯಲ್ಲಿ ಇದು ಕಾಣದೇ ಹೋಗಬಹುದು, ಪಕ್ಕದಿಂದ ತೆಗೆದದ್ದು ಅಥವಾ ಸಿಟಿ ಸ್ಕ್ಯಾನ್ ಬೇಕಾದೀತು. ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಂಡು ನಾರಿನ ಸುತ್ತ ಮರಗಟ್ಟಿಸುವ ಔಷಧಿ ಮತ್ತು ಸ್ಟೀರಾಯ್ಡ್ ಕೊಡುವ ಇಂಜೆಕ್ಷನ್ ಇದೆ. ಅದರಿಂದ ನೋವು ಹೋದರೆ ಕಾರಣವೂ ಖಚಿತವಾದಂತೆ. ಆದರೆ ಬದಲಿಸಿದ ಕೀಲಿನ ಹತ್ತಿರ ಸೂಜಿ ಹಾಕುವುದಾದರೆ ಕೀಲಿನ ಸರ್ಜನ್ ಹೇಳಿದ ಕಡೆಯೇ ಆಗಬೇಕು, ಊರಿನ ಕ್ಲಿನಿಕ್ಕಿನಲ್ಲಿ ಅಲ್ಲ.

ಇನ್ನು ತೋಟ. ಸರ್ಜನ್ ಒಪ್ಪಿದ ಮೇಲೆ ಮೊದಲು ಗಾಡಿ ಹೋಗುವ ಸಮತಟ್ಟು ದಾರಿಯಲ್ಲಿ, ಕೋಲು ಹಿಡಿದು, ಒಣ ದಿನಗಳಲ್ಲಿ ಮಾತ್ರ. ಬಸಿಗಾಲುವೆ ದಾಟಲು ಕಾಲು ಚಾಚುವುದು ಈ ಸ್ನಾಯುವಿಗೆ ಅತಿ ಕೆಟ್ಟದ್ದು, ಜಾರುವ ಭಯ ಬೇರೆ. ಅವರು ಓಡಾಡುವ ಕಡೆ ಅಗಲವಾದ ಸಂಕ (ಕಾಲುಸೇತುವೆ) ಹಾಕಿಸಿ, ಹಿಡಿಯಲು ಒಂದು ಗಳ ಕಟ್ಟಿ. ಬಗ್ಗಿ ಅಡಿಕೆ ಹೆಕ್ಕುವುದು, ಮಣೆ ಮೇಲೆ ಕೂತು ಮೆಟ್ಟುಗತ್ತಿಯಲ್ಲಿ ಸುಲಿಯುವುದು, ಕುಕ್ಕರಗಾಲಲ್ಲಿ ಹಾಲು ಕರೆಯುವುದು ಬೇಡ. ಮಳೆಗಾಲದಲ್ಲಿ ಗಮ್‌ಬೂಟ್ ಇರಲಿ, ಅದನ್ನು ಬಗ್ಗಿ ಹಾಕಿಕೊಳ್ಳುವುದು ಅವರಿಂದಾಗದು, ನೀವೇ ಹಾಕಿಕೊಡಿ. ಇಂಬಳ (ಜಿಗಣೆ) ಕಚ್ಚಿದ ಗಾಯ, ಬೆರಳಸಂದಿನ ಕೆಸರುಹುಣ್ಣು ಕೀವಾದರೆ ಒಂದು ದಿನವೂ ಬಿಡದೆ ತೋರಿಸಿ. ಅಲ್ಲಿನ ರೋಗಾಣು ರಕ್ತದ ಮೂಲಕ ಹೊಸ ಕೀಲಿಗೆ ಹೋಗಿ ಕೂರಬಹುದು.

ಇವತ್ತಿನಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಯಾವ ವ್ಯಾಯಾಮ, ಎಷ್ಟು ಸಲ, ಆಗಿನ ನೋವು, ಮರುದಿನ ಬೆಳಗಿನ ನೋವು, ಇಷ್ಟನ್ನು ಬರೆದಿಡಿ. ಮುಂದಿನ ಚೆಕಪ್ಪಿಗೆ ಅದನ್ನೂ ಆಸ್ಪತ್ರೆಯ ವ್ಯಾಯಾಮದ ಹಾಳೆಯನ್ನೂ ತೆಗೆದುಕೊಂಡು ಹೋಗಿ. ಗುಂಪಿನಲ್ಲಿ ಎಕ್ಸ್‌ರೇ ಹಾಕುವುದಾದರೆ ಹೆಸರು, ಆಸ್ಪತ್ರೆ ನಂಬರ್ ಮುಚ್ಚಿ ಹಾಕಿ.