ಅಧ್ಯಕ್ಷರು ಆಮೇಲೆ, ಮೊದಲು ಖಜಾಂಚಿ ಹುಡುಕಿ

ಪ್ರಶ್ನೆ: ನಾವು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ, ಅಂದರೆ ಯಾರು ಬೇಕಾದರೂ ತಿದ್ದಬಹುದಾದ ಇಂಟರ್ನೆಟ್ ನಕ್ಷೆಗೆ, ನಕ್ಷೆ ಬರೆಯುವ ಹವ್ಯಾಸಿಗಳು. ಭಾನುವಾರ ಸೇರಿ ಓಣಿ, ಬಾವಿ, ಬಸ್ ಸ್ಟಾಪ್ ಗುರುತು ಹಾಕುತ್ತೇವೆ. ಪುಣೆ, ಕೊಚ್ಚಿ, ಹೈದರಾಬಾದಿನಲ್ಲೂ ಗೆಳೆಯರಿದ್ದಾರೆ. ಎಲ್ಲರೂ ಸೇರಿ ಇಡೀ ದೇಶಕ್ಕೆ ಒಂದು ನೋಂದಾಯಿತ ಸಂಸ್ಥೆ ಮಾಡಿ, ಇಂಗ್ಲೆಂಡಿನಲ್ಲಿರುವ ಓಪನ್‌ಸ್ಟ್ರೀಟ್‌ಮ್ಯಾಪ್ ಫೌಂಡೇಶನ್ನಿನ ಭಾರತ ಶಾಖೆ ಆಗೋಣ ಅಂತ ಮಾತಾಗಿದೆ. ಟ್ರಸ್ಟಾ, ಸೊಸೈಟಿಯಾ, ಕಂಪನಿಯಾ? ಅಧ್ಯಕ್ಷರು ಯಾರು ಅನ್ನುವುದರಲ್ಲೇ ಮೂರು ಸಭೆ ಮುಗಿದವು.
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೂರೇ ಸಭೆ ತಾನೆ, ಪರವಾಗಿಲ್ಲ. ಆದರೆ ಹುಡುಕಬೇಕಾದವರು ಅಧ್ಯಕ್ಷರಲ್ಲ, ಖಜಾಂಚಿ. ವರ್ಷ ವರ್ಷ ಆಡಿಟ್ ಮಾಡಿಸಿ, ಪಟ್ಟಿ ಸಲ್ಲಿಸಿ, ರಸೀದಿ ಜೋಡಿಸಿಡುವ ಒಬ್ಬ ಮನುಷ್ಯ ಸಿಗದಿದ್ದರೆ ನೋಂದಣಿಗೇ ಹೋಗಬೇಡಿ. ನಾನೂ ಒಂದು ಸಣ್ಣ ಸಂಘದಲ್ಲಿದ್ದೆ. ಚೆಕ್ಕಿಗೆ ಇಬ್ಬರ ಸಹಿ ಬೇಕಿತ್ತು, ಒಬ್ಬರಿಗೆ ಬೇರೆ ಊರಿಗೆ ವರ್ಗವಾಯಿತು, ಸಹಿ ಬದಲಿಸೋಣ ಅಂದರೆ ಬ್ಯಾಂಕಿನವರು ಹೊಸ ಸಮಿತಿಯ ಪಟ್ಟಿ ಕೇಳಿದರು, ಅದನ್ನು ನಾವು ಎರಡು ವರ್ಷದಿಂದ ಸಲ್ಲಿಸಿಯೇ ಇರಲಿಲ್ಲ. ಹಾಲ್ ಬಾಡಿಗೆ 4,200 ರೂಪಾಯಿ ನನ್ನ ಜೇಬಿಂದ ಹೋಯಿತು. ಇನ್ನೂ ವಾಪಸ್ ಬಂದಿಲ್ಲ, ಬಿಡಿ.

ಶಾಖೆ ಅನ್ನುವ ಪದವೂ ಸರಿಯಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಶುರುವಾದದ್ದು 2004ರಲ್ಲಿ, ಫೌಂಡೇಶನ್ ಹುಟ್ಟಿದ್ದು 2006ರಲ್ಲಿ. ಸರ್ವರ್, ಹೆಸರು, ಲೋಗೊ ನೋಡಿಕೊಳ್ಳುವುದು ಅದರ ಕೆಲಸ. ನಕ್ಷೆಯಲ್ಲಿ ಏನಿರಬೇಕು ಅಂತ ಅದು ಅಪ್ಪಣೆ ಕೊಡುವುದಿಲ್ಲ. ನೀವು ಶಾಖೆ ಅನ್ನುವುದನ್ನು ಅವರು ಲೋಕಲ್ ಚಾಪ್ಟರ್ ಅನ್ನುತ್ತಾರೆ, ಅಂದರೆ ಫೌಂಡೇಶನ್ ಜೊತೆ ಒಪ್ಪಂದ ಮಾಡಿಕೊಂಡ ಸ್ವತಂತ್ರ ಸಂಸ್ಥೆ. ಲಾಭಕ್ಕಾಗಿ ನಡೆಯಬಾರದು, ಆಸಕ್ತಿ ಇರುವವರು ಸದಸ್ಯರಾಗುವಂತಿರಬೇಕು, ಚುನಾವಣೆ ನಡೆಯಬೇಕು. ಇಟಲಿಯಲ್ಲಂತೂ ಹೊಸದೇನೂ ಕಟ್ಟಲಿಲ್ಲ, ವಿಕಿಪೀಡಿಯ ಬಳಗದವರ ಮೊದಲೇ ಇದ್ದ ಸಂಸ್ಥೆ ವಿಕಿಮೀಡಿಯ ಇಟಾಲಿಯಾನೇ ಚಾಪ್ಟರ್ ಆಯಿತು. ನಿಮಗೂ ಅಂಥ ಗೆಳೆಯರ ಸಂಸ್ಥೆ ಇದೆಯಾ ನೋಡಿ. ಇನ್ನೊಂದು ಮಾತು, ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವುದು ಟ್ರೇಡ್‌ಮಾರ್ಕ್. ಆ ಹೆಸರಲ್ಲಿ ನೋಂದಣಿ ಮಾಡಿಸುವ ಮೊದಲೇ ಒಪ್ಪಿಗೆ ಪತ್ರ ತರಿಸಿಕೊಳ್ಳಿ.

ಟ್ರಸ್ಟ್ ಬೇಡ. ಅದು ಟ್ರಸ್ಟಿಗಳದ್ದೇ ದರ್ಬಾರು, ಸದಸ್ಯರು ಓಟು ಹಾಕುವ ಸಂಸ್ಥೆಗೆ ಒಗ್ಗುವುದಿಲ್ಲ. ಸೊಸೈಟಿ ಸುಲಭ. ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಇದ್ದರೆ ಸಾಕು, ನಮ್ಮ ಭಾಗದಲ್ಲಿ ಯುವಕ ಸಂಘ, ನಾಟಕ ಸಂಘ ಎಲ್ಲ ಹುಟ್ಟುವುದು ಹೀಗೇ. ಆದರೆ ಅದು ರಾಜ್ಯದ ಕಾಯ್ದೆ. ಪುಣೆಯವರಿಗೆ, ಕೊಚ್ಚಿಯವರಿಗೆ ಇದು ಕರ್ನಾಟಕದವರ ಸಂಘ ಅಂತ ಅನ್ನಿಸಿಬಿಡಬಹುದು, ಪ್ರತಿ ಕಾಗದಕ್ಕೂ ಇಲ್ಲಿನ ಕಚೇರಿಗೇ ಬರಬೇಕು. ದೇಶಮಟ್ಟದ್ದೇ ಬೇಕು ಅಂದರೆ 2013ರ ಕಂಪನಿ ಕಾಯ್ದೆಯ ಸೆಕ್ಷನ್ 8 ಕಂಪನಿ, ಅಂದರೆ ಲಾಭ ಹಂಚಿಕೊಳ್ಳದ ಕಂಪನಿ, ವಾಸಿ. ಕೆಲಸ ಜಾಸ್ತಿ, ಸಿಎ ಫೀಸೂ ಜಾಸ್ತಿ. ಒಂದು ಚಿಕ್ಕ ತೊಡಕು ನೆನಪಿಡಿ: ಪ್ರೈವೇಟ್ ಕಂಪನಿಯಾಗಿ ಮಾಡಿಸಿದರೆ 200 ಸದಸ್ಯರಿಗಿಂತ ಹೆಚ್ಚು ಸೇರಿಸುವ ಹಾಗಿಲ್ಲ. ಎಲ್ಲರಿಗೂ ಬಾಗಿಲು ತೆರೆದಿದೆ ಅಂತ ಹೇಳಿ ಇನ್ನೂರಒಂದನೆಯವರನ್ನು ವಾಪಸ್ ಕಳಿಸೋಕಾಗುತ್ತಾ? ಪಬ್ಲಿಕ್ ಆಗಿ ಮಾಡಿಸಿದರೆ ಆ ಮಿತಿ ಇಲ್ಲ. ಅದಕ್ಕೆ ಏಳು ಸದಸ್ಯರು, ಮೂರು ನಿರ್ದೇಶಕರು ಬೇಕು.

ಪ್ರಶ್ನೆ: ಫೌಂಡೇಶನ್ ಒಂದಿಷ್ಟು ದುಡ್ಡು ಕಳಿಸಬಹುದು ಅನ್ನುತ್ತಾರೆ. ನೇರ ನಮ್ಮ ಖಾತೆಗೆ ಹಾಕಿಸಿಕೊಳ್ಳಬಹುದಾ?
– ಅದೇ ಓದುಗರು

ಉತ್ತರ: ಬೇಡ್ರೀ! ಅದು ವಿದೇಶಿ ದೇಣಿಗೆ, ಐವತ್ತು ಸಾವಿರವಾದರೂ ಅಷ್ಟೆ. ಅದಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಬೇಕು, ಆ ನೋಂದಣಿಗೆ ಸಂಸ್ಥೆ ಮೂರು ವರ್ಷ ಹಳೆಯದಾಗಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷವಾದರೂ ತನ್ನ ಉದ್ದೇಶಕ್ಕೆ ಖರ್ಚು ಮಾಡಿರಬೇಕು. ನೀವು ಚಹಾ, ಚುರುಮುರಿಯಲ್ಲಿ ಮುಗಿಸುವವರು, 15 ಲಕ್ಷ ಎಲ್ಲಿಂದ ಬರಬೇಕು? ಅದೆಲ್ಲ ಆದರೂ ದುಡ್ಡು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, 2020ರ ತಿದ್ದುಪಡಿಯಿಂದ ಹಾಗಾಗಿದೆ. ನಿರ್ದಿಷ್ಟ ಕೆಲಸಕ್ಕೆ ಮುಂಚಿತ ಅನುಮತಿ ಕೇಳುವ ದಾರಿಯೂ ಇದೆ, ಅದೂ ಅಷ್ಟು ಸಲೀಸಲ್ಲ. ಮೊದಲ ಕೆಲವು ವರ್ಷ ಇಲ್ಲಿನ ಚಂದಾ, ಇಲ್ಲಿನ ಕಾಲೇಜುಗಳ ಸಹಾಯದಲ್ಲೇ ನಡೆಸುತ್ತೇವೆ ಅಂತ ಬಜೆಟ್ ಹಾಕಿ. ಸಂಸ್ಥೆ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ ಅನ್ನುವುದೂ ನೆನಪಿರಲಿ. ವಿಕಿಪೀಡಿಯ ಬಳಗದ ಭಾರತ ಚಾಪ್ಟರ್ 2011ರ ಜನವರಿಯಲ್ಲಿ ಬೆಂಗಳೂರಿನಲ್ಲೇ ನೋಂದಣಿಯಾಗಿತ್ತು, 2019ರಲ್ಲಿ ಅದರ ಮಾನ್ಯತೆ ಹೋಯಿತು. ವಿಕಿಪೀಡಿಯ ಬರೆಯುವವರು ಬರೆಯುತ್ತಲೇ ಇದ್ದಾರೆ.

ಪ್ರಶ್ನೆ: ಗಡಿ ವಿಚಾರಕ್ಕೆ ತೊಂದರೆ ಆಗುತ್ತಾ? ಕನ್ನಡದ ಹೆಸರುಗಳನ್ನು ಸಂಸ್ಥೆಯೇ ತೀರ್ಮಾನ ಮಾಡಬಹುದಾ?
– ಗೃಹಿಣಿ, ಮೈಸೂರು

ಉತ್ತರ: ಗಡಿಯದ್ದು ಗಂಭೀರ ವಿಷಯ. ವಿವಾದದ ಗಡಿಯನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ನೆಲದ ಮೇಲೆ ಯಾರ ಹಿಡಿತ ಇದೆಯೋ ಹಾಗೆ ತೋರಿಸುತ್ತದೆ. ನಮ್ಮ ಕಾನೂನಿನಲ್ಲಿ ಸರ್ಕಾರದ ನಕ್ಷೆ ಇಲಾಖೆಯಾದ ಸರ್ವೆ ಆಫ್ ಇಂಡಿಯಾ ನಕ್ಷೆಗೆ ಹೊಂದದ ಭಾರತದ ನಕ್ಷೆ ಪ್ರಕಟಿಸಿದರೆ ಆರು ತಿಂಗಳವರೆಗೆ ಜೈಲು ಆಗಬಹುದು. ಇವತ್ತು ನೀವು ಚದುರಿದ ಹವ್ಯಾಸಿಗಳು. ಸಂಸ್ಥೆ ಆದಮೇಲೆ ನಿಮಗೊಂದು ವಿಳಾಸ ಇರುತ್ತದೆ, ನೋಟಿಸಿಗೆ ಬಾಗಿಲು ಸಿಗುತ್ತದೆ. ಬ್ಯಾನರ್, ಲೋಗೊ, ಕರಪತ್ರ ಏನೇ ಅಚ್ಚು ಹಾಕಿಸಿದರೂ ಗಡಿ ಸರ್ವೆ ಆಫ್ ಇಂಡಿಯಾದ್ದೇ ಇರಲಿ. ಗ್ರಾಫಿಕ್ಸ್ ಮಾಡುವ ಹುಡುಗ ಇಂಟರ್ನೆಟ್ಟಿಂದ ಸುಮ್ನೆ ಒಂದು ಚಿತ್ರ ಎತ್ತಿ ಹಾಕಿಬಿಡುತ್ತಾನೆ, ಅಚ್ಚಿಗೆ ಹೋಗುವ ಮೊದಲು ನೀವೇ ನೋಡಿ. 2021ರ ಫೆಬ್ರವರಿಯ ಕೇಂದ್ರ ಸರ್ಕಾರದ ಮಾರ್ಗಸೂಚಿ ಬಂದಮೇಲೆ ಭಾರತೀಯ ಸಂಸ್ಥೆಗಳು ನಕ್ಷೆ ಮಾಡಲು ಮೊದಲಿನ ಹಾಗೆ ಅನುಮತಿ ಕೇಳುತ್ತಾ ಅಲೆಯಬೇಕಿಲ್ಲ, ಅಷ್ಟು ಸಮಾಧಾನ.

ಹೆಸರು ಮಾತ್ರ ಸಂಸ್ಥೆಯ ಕೈಗೆ ಕೊಡಬೇಡಿ. ನನ್ನ ತಾಯಿಯ ಊರಿನ ಪಕ್ಕದ ಕಲ್ಲಹಳ್ಳಿಯನ್ನು ಯಾರೋ ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿಕೊಂಡು ಕಳ್ಳಹಳ್ಳಿ ಅಂತ ಹಾಕಿದ್ದರು. ಅದನ್ನು ಸರಿ ಮಾಡಿದ್ದು ಸಮಿತಿಯಲ್ಲ, ಆ ಊರಿನ ಹುಡುಗಿ. ಪಂಚಾಯಿತಿ ಬೋರ್ಡಿನ ಫೋಟೊ ತೆಗೆದುಕೊಂಡು, ಎರಡು ನಿಮಿಷದಲ್ಲಿ.