ಸಿಳ್ಳೆ ನಿಲ್ಲಿಸಿದ ಸ್ಟೋರ್ ಕೀಪರ್

ಪ್ರಶ್ನೆ: ನನಗೀಗ 47. ಆಡಿಟರ್ ಆಗಿ 23 ವರ್ಷ ದುಡಿದಿದ್ದೇನೆ. ಕಥೆ ಬರೆಯುವ ಆಸೆ ಮೊದಲಿನಿಂದಲೂ ಇತ್ತು. ಈಗ ಕೆಲಸ ಬಿಟ್ಟು ಬರವಣಿಗೆಗೇ ಇಳಿಯೋಣ ಅನ್ನಿಸುತ್ತಿದೆ. ತಡವಾಯಿತೇ? ಬರೆಯುವಂಥ ಅನುಭವವೂ ನನಗಿಲ್ಲ, ಬರೀ ಲೆಕ್ಕ ನೋಡಿದ್ದೇ ಬಂತು. ನಾನು ರಿಜಿಸ್ಟರ್ ತೆರೆದ ಕೂಡಲೇ ಸಿಳ್ಳೆ ಹಾಕುವುದನ್ನು ನಿಲ್ಲಿಸುತ್ತಿದ್ದ ಒಬ್ಬ ಸ್ಟೋರ್ ಕೀಪರ್ ಮಾತ್ರ ನೆನಪಿದ್ದಾನೆ.
— ಹೆಸರು ಬೇಡ

ಉತ್ತರ: ವಯಸ್ಸಿನ ಮಾತು ಬೇಗ ಮುಗಿಸೋಣ. ಇಂಗ್ಲಿಷ್ ಲೇಖಕಿ ಪೆನೆಲೊಪಿ ಫಿಟ್ಜೆರಾಲ್ಡ್ ಅವರ ಮೊದಲ ಕಾದಂಬರಿ 1977ರಲ್ಲಿ ಬಂದಾಗ ಅವರಿಗೆ ಅರವತ್ತು. ಎರಡೇ ವರ್ಷದಲ್ಲಿ ಬೂಕರ್ ಬಂತು. ತಡ ಅಂತ ಅವರಿಗೆ ಯಾರು ಹೇಳಬೇಕಿತ್ತು?

ಆದರೆ ರಾಜೀನಾಮೆ ಪತ್ರ ಸದ್ಯಕ್ಕೆ ಬೇಡ. ಪತ್ತೇದಾರಿ ಕಾದಂಬರಿಗಳಿಗೆ ಹೆಸರಾದ ಅಮೆರಿಕದ ರೇಮಂಡ್ ಚಾಂಡ್ಲರ್ ಮೊದಲು ತೈಲ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. 1932ರಲ್ಲಿ ಕೆಲಸ ಹೋಯಿತು (ಅವರಾಗಿ ಬಿಟ್ಟದ್ದಲ್ಲ, ಕಂಪನಿಯೇ ತೆಗೆದದ್ದು). ಮೊದಲ ಕಥೆಗೆ ಐದು ತಿಂಗಳು ಹಿಡಿಯಿತು, ಸಿಕ್ಕಿದ್ದು 180 ಡಾಲರ್. ಮೊದಲ ಕಾದಂಬರಿ ಬಂದದ್ದು 1939ರಲ್ಲಿ. ನಡುವಿನ ಆ ವರ್ಷಗಳ ಮನೆಖರ್ಚನ್ನು ನೀವೇ ಲೆಕ್ಕ ಹಾಕಿ, ಆಡಿಟರ್ ಅಲ್ವಾ? ದಿನಕ್ಕೆ ಮುಕ್ಕಾಲು ಗಂಟೆ ಸಿಕ್ಕರೆ ಈಗ ಧಾರಾಳವಾಗಿ ಸಾಕು.

ನಿಮ್ಮ ನಿಜವಾದ ತೊಂದರೆ ಬೇರೆ. ಅದನ್ನು ನಾನೂ ಅನುಭವಿಸಿದ್ದೇನೆ. ನಾನು 22 ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿದ್ದವಳು. 46ಕ್ಕೆ ಮೊದಲ ಕಥೆ ಬರೆದು ಕಳಿಸಿದೆ, ಅದು ಹಾಗೇ ವಾಪಸ್ ಬಂತು. ಮೊದಲ ಪುಟದಲ್ಲೇ ‘ರಕ್ತ ತೆಗೆಯಲಾಯಿತು, ವರದಿ ನೀಡಲಾಯಿತು’ ಅಂತ ಬರೆದಿದ್ದೆ. ಸಂಪಾದಕರು ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಗೀಚಿದ್ದರು: ‘ಇಲ್ಲಿ ಯಾರಾದರೂ ಇದ್ದಾರಾ?’ ಎರಡು ದಿನ ಸಿಟ್ಟು ಬಂತು. ಆಮೇಲೆ ನೆನಪಾಯಿತು, ವರದಿಯ ಲಕೋಟೆ ಕೊಡುವಾಗ ಜನ ಲಕೋಟೆ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ಒಬ್ಬ ಹೆಂಗಸಂತೂ ‘ನೀವು ನಗಲಿಲ್ಲ’ ಅಂದು ಅಲ್ಲೇ ಕೂತುಬಿಟ್ಟಿದ್ದರು. ನಾನು ಇನ್ನೂ ಆ ವರದಿಯನ್ನು ನೋಡಿಯೇ ಇರಲಿಲ್ಲ, ನಿದ್ದೆಗೆಟ್ಟಿದ್ದೆ ಅಷ್ಟೇ! ಅಲ್ಲಿಂದ ಕಥೆಯನ್ನು ಪೂರ್ತಿ ಬದಲಿಸಿದೆ. ಅದೂ ಎರಡು ಕಡೆಯಿಂದ ವಾಪಸ್ ಬಂದು, ಮೂರನೆಯ ಕಡೆ ಅಚ್ಚಾಯಿತು.

ನಿಮ್ಮ ಕೈಗೂ ಹಾಗೇ ಆಡಿಟ್ ವರದಿಯ ಭಾಷೆ ಅಂಟಿರುತ್ತದೆ. ಬರೆದದ್ದನ್ನು ಜೋರಾಗಿ ಓದಿ. ‘ಕಂಡುಬಂದಿದೆ’ ಅಂತ ಇದ್ದಲ್ಲಿ ಕಂಡವರು ಯಾರು ಅಂತ ಹಾಕಿ.

ಅನುಭವ ಇಲ್ಲ ಅನ್ನುತ್ತೀರಿ, ಆದರೆ ಸ್ಟೋರ್ ಕೀಪರ್‌ನನ್ನು ಸುಮ್ನೆ ಒಂದು ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಅವನು ಕದ್ದಿದ್ದನೇ, ಅಥವಾ ನಿಮ್ಮನ್ನು ಕಂಡರೆ ಎಲ್ಲರಿಗೂ ಹಾಗೇ ಆಗುತ್ತಿತ್ತೇ? ಎರಡನೆಯದಾದರೆ ಕಥೆ ಅವನದಲ್ಲ, ನಿಮ್ಮದು. ಎರಡು ಪುಟ ಸಾಕು. ಹೆಸರು, ಕಚೇರಿ ಎಲ್ಲ ಬದಲಿಸಿ. ಅವನು ಯಾವ ಹಾಡಿಗೆ ಸಿಳ್ಳೆ ಹಾಕುತ್ತಿದ್ದ, ಯಾವ ಸಾಲಿಗೆ ನಿಂತ? ನೆನಪಿದ್ದರೆ ಅಲ್ಲಿಂದಲೇ ಶುರು ಮಾಡಿ.