ತೋಟ ಗುಡ್ಡ ಹತ್ತಿದ್ದು ಹೇಗೆ?

ಪ್ರಶ್ನೆ: ತೀರ್ಥಹಳ್ಳಿ ಸುತ್ತಿನ ಅಡಿಕೆ ತೋಟಗಳ ಇಳಿಜಾರು ನೋಡೋಣ ಅಂತ ಕ್ಯೂಜಿಐಎಸ್ ಅನ್ನೋ ನಕ್ಷೆ ತಂತ್ರಾಂಶದಲ್ಲಿ ಎರಡು ರಾಸ್ಟರ್ (ಚೌಕಕ್ಕೊಂದು ಸಂಖ್ಯೆ ಇರುವ ನಕ್ಷೆ) ಹಾಕಿದ್ದೇನೆ. ಒಂದು ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರದಿಂದ ಮಾಡಿದ ಭೂಬಳಕೆ ನಕ್ಷೆ, ಇನ್ನೊಂದು ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದ ಎಸ್‌ಆರ್‌ಟಿಎಂ ಎತ್ತರದ ಡೇಟಾ. ಎರಡರ ಚೌಕವೂ 30 ಮೀಟರ್‌ನದು. ಆದರೂ ಕಣಿವೆಯ ತೋಟಕ್ಕೆ ಗುಡ್ಡದ ಇಳಿಜಾರು ಬರ್ತಿದೆ. ಎಲ್ಲಿ ತಪ್ಪಾಯ್ತು?

ಉತ್ತರ: 30 ಅನ್ನೋ ಸಂಖ್ಯೆ ನೋಡಿ ಸಮಾಧಾನ ಮಾಡಿಕೊಂಡಿರಲ್ಲ, ಯಡವಟ್ಟು ಅಲ್ಲೇ ಇದೆ. ಅಡಿಕೆ ಸಸಿ ಇಡುವಾಗ ಹಗ್ಗ ಹಿಡಿದು ಗೂಟ ಹೊಡೀತೀವಿ ಅಲ್ವಾ? ಇಬ್ಬರು 9 ಅಡಿಗೊಂದು ಗುಂಡಿ ಅಂತಲೇ ಹೊರಟರೂ ಮೊದಲ ಗೂಟ ಬೇರೆ ಬೇರೆ ಕಡೆ ಬಿದ್ದರೆ ಸಾಲು ಕೂಡುವುದಿಲ್ಲ. ರಾಸ್ಟರ್ ಚೌಕಗಳೂ ಹಾಗೇ.

ನಿಮ್ಮ ಎಸ್‌ಆರ್‌ಟಿಎಂನ ಅಳತೆ ಮೀಟರೇ ಅಲ್ಲ, 1 ಆರ್ಕ್ ಸೆಕೆಂಡ್, ಅಂದರೆ ಅಕ್ಷಾಂಶ-ರೇಖಾಂಶದ ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಅದರಲ್ಲೊಂದು. ನಮ್ಮ ಕಡೆ ಅದು ಪೂರ್ವ-ಪಶ್ಚಿಮ ಸುಮಾರು 30 ಮೀಟರ್, ಉತ್ತರ-ದಕ್ಷಿಣ 30.7. ಲ್ಯಾಂಡ್‌ಸ್ಯಾಟ್ ಇರುವುದು ಮೀಟರ್ ಲೆಕ್ಕದ ನಕ್ಷಾ ಪದ್ಧತಿಯಾದ ಯುಟಿಎಂನ 43 ಉತ್ತರ ವಲಯದಲ್ಲಿ. ಎರಡನ್ನೂ ಚೌಕಕ್ಕೆ ಚೌಕ ಲೆಕ್ಕ ಹಾಕುವ ರಾಸ್ಟರ್ ಕ್ಯಾಲ್ಕುಲೇಟರ್‌ಗೆ ಕೊಟ್ಟರೆ ಅದು ತಕರಾರು ತೆಗೆಯಲ್ಲ, ಹತ್ತಿರದ ಚೌಕದ ಬೆಲೆ ಎತ್ತಿಕೊಂಡು ಸುಮ್ನೆ ಉತ್ತರ ಕೊಟ್ಟುಬಿಡುತ್ತದೆ. ಬಯಲುಸೀಮೆಯಲ್ಲಾದರೆ ಅರ್ಧ ಚೌಕ ಸರಿದದ್ದು ಗೊತ್ತೇ ಆಗಲ್ಲ. ನಮ್ಮ ತೋಟಗಳು ಎರಡು ಗುಡ್ಡದ ನಡುವಿನ ಸಪೂರ ಜಾಗದಲ್ಲಿರುತ್ತವೆ, 15 ಮೀಟರ್ ಸರಿದರೆ ಸೊಪ್ಪಿನ ಬೆಟ್ಟ ಹತ್ತಿಬಿಡುತ್ತವೆ.

ಭೂಬಳಕೆ ನಕ್ಷೆಯನ್ನೇ ಮಾದರಿ ಗ್ರಿಡ್ (ಚೌಕಗಳ ಜಾಲ) ಮಾಡಿಕೊಂಡು ಎತ್ತರದ ಡೇಟಾವನ್ನು ಅದಕ್ಕೆ ಕೂರಿಸಿ. ಅಲೈನ್ ರಾಸ್ಟರ್ಸ್ ಅನ್ನುವ ಸಾಧನ ಇದಕ್ಕೇ ಇರುವುದು, ಆರ್ಕ್‌ಜಿಐಎಸ್ ಅನ್ನೋ ಇನ್ನೊಂದು ತಂತ್ರಾಂಶದವರು ಇದನ್ನೇ ಸ್ನ್ಯಾಪ್ ರಾಸ್ಟರ್ ಅಂತಾರೆ. ಎತ್ತರಕ್ಕೆ ಬೈಲೀನಿಯರ್ ವಿಧಾನ (ಸುತ್ತಲ ನಾಲ್ಕು ಚೌಕಗಳ ಸರಾಸರಿ) ಇರಲಿ. ಮುಂದೆಂದಾದರೂ ಭೂಬಳಕೆ ನಕ್ಷೆಯನ್ನೇ ಸರಿಸಬೇಕಾಗಿ ಬಂದರೆ ಮಾತ್ರ ಹತ್ತಿರದ ಚೌಕದ ಬೆಲೆಯನ್ನೇ ಎತ್ತಿಕೊಳ್ಳುವ ನಿಯರೆಸ್ಟ್ ನೇಬರ್ ವಿಧಾನ ಬಿಟ್ಟು ಬೇರೆ ಕಡೆ ಹೋಗಬೇಡಿ. ಅಲ್ಲಿರುವ ಸಂಖ್ಯೆಗಳು ಬರೀ ಹೆಸರುಗಳು. 3 ತೋಟ, 5 ಕಾಡು ಅಂತಿದ್ದರೆ ಸರಾಸರಿ ತೆಗೆದ 4 ಗದ್ದೆಯಾಗಿ ಕೂತಿರುತ್ತದೆ!

ಇಳಿಜಾರನ್ನು ಇದೆಲ್ಲ ಆದ ಮೇಲೆ ಲೆಕ್ಕ ಹಾಕಿ. ಡಿಗ್ರಿ ಲೆಕ್ಕದ ಫೈಲಿನಿಂದ ನೇರ ತೆಗೆದರೆ ಎತ್ತರ ಮೀಟರಿನಲ್ಲಿ, ದೂರ ಡಿಗ್ರಿಯಲ್ಲಿ ಇದ್ದು ಇಡೀ ಮಲೆನಾಡು ಗೋಡೆಯ ಹಾಗೆ ನಿಂತುಬಿಡಬಹುದು.

ಇದೇ ಕೆಲಸಕ್ಕೆ ಜಿಡಿಎಎಲ್ (ರಾಸ್ಟರ್ ಫೈಲು ಬದಲಿಸುವ ಉಚಿತ ತಂತ್ರಾಂಶ) ಕಮಾಂಡ್ ಬರೆಯುವವರಿಗೆ ಒಂದು ಮಾತು. 'ಟ್ಯಾಪ್' ಆಯ್ಕೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ಜಾಸ್ತಿ ಜನ ನಂಬಿದ್ದಾರೆ. ಅದು ಚೌಕದ ಅಂಚನ್ನು 30ರ ಗುಣಕಕ್ಕೆ ಎಳೆಯುತ್ತದೆ. ಲ್ಯಾಂಡ್‌ಸ್ಯಾಟ್‌ನಲ್ಲಿ 30ರ ಗುಣಕಕ್ಕೆ ಕೂರುವುದು ಚೌಕದ ನಡುಬಿಂದು, ಅಂಚಲ್ಲ. ಅಲ್ಲಿಗೆ ಮತ್ತೆ ಅರ್ಧ ಚೌಕ ಆಚೀಚೆ. ಹಾಗಾಗಿ ಮಾದರಿ ಫೈಲಿನ ನಾಲ್ಕು ಗಡಿಗಳನ್ನೇ ಕೈಯಾರೆ ಕೊಡಿ. ಆಮೇಲೆ ಎರಡೂ ಫೈಲುಗಳ ಆರಿಜಿನ್ (ಮೇಲಿನ ಎಡ ಮೂಲೆಯ) ಸಂಖ್ಯೆಯನ್ನು 30ರಿಂದ ಭಾಗಿಸಿ. ಶೇಷ ಒಂದೇ ಬಂದರೆ ಸಾಲು ಕೂಡಿದ ಹಾಗೆ. ಒಂದರಲ್ಲಿ 0, ಇನ್ನೊಂದರಲ್ಲಿ 15 ಬಂದರೆ ಇಲ್ಲ.

ಆದರೆ ಸಾಲು ಕೂಡಿದ ಮಾತ್ರಕ್ಕೆ ಚಿತ್ರ ಸರಿಯಾದ ಜಾಗದಲ್ಲಿದೆ ಅಂತಲ್ಲ. ತುಂಗೆಯ ಒಂದು ತಿರುವಿಗೆ ಝೂಮ್ ಮಾಡಿ, ನೀರಿನ ಚೌಕಗಳು ಕಣಿವೆಯ ತಳದಲ್ಲೇ ಇವೆಯಾ ನೋಡಿ. ದಡ ಹತ್ತಿದ್ದರೆ ಗ್ರಿಡ್ ಬಿಟ್ಟು ಮೂಲ ಚಿತ್ರವನ್ನೇ ಮೊದಲು ಸರಿಮಾಡಬೇಕು.